ವಿರಾಗಿ ಕಟ್ಟೆಯ ಕೊನೆಯ ಅಕ್ಷರ

ಆಲಮೇಲದಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ನೀವು ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಸರಿ, ನಡುದಾರಿಯಲ್ಲಿ ಕಂಡಕ್ಟರು ಬಾಗಿಲು ಬಡಿದು, "ಯಾರ್ರೀ ವಿರಾಗಿ ಕಟ್ಟಿ? ಇಳೀರ್ರಿ ಲಗೂ!" ಎಂದು ಕೂಗುವುದು ಕೇಳಿಯೇ ಕೇಳುತ್ತದೆ. ಇಳಿದು ನೋಡಿದರೆ ಅಲ್ಲಿ ಮಠವೂ ಇಲ್ಲ, ಗದ್ದುಗೆಯೂ ಇಲ್ಲ. ಒಂದು ಬೇವಿನ ಗಿಡ, ಅದರ ಬುಡಕ್ಕೊಂದು ಕಲ್ಲಿನ ಕಟ್ಟೆ, ರಸ್ತೆಯಾಚೆ ಕಬ್ಬು, ಈಚೆ ಅರವತ್ತು ಮನೆಯ ಕೇರಿ. ವಿರಾಗಿ ಎಂದರೆ ಯಾರೋ ಸ್ವಾಮಿಗಳಲ್ಲ. ಆ ಕೇರಿಯ ಮೂರನೆಯ ಮನೆಯಲ್ಲಿ ಈಗಲೂ ತನ್ನ ರೊಟ್ಟಿ ತಾನೇ ಬಡಿದುಕೊಳ್ಳುವ, ಎಪ್ಪತ್ತಾರು ವರ್ಷದ ಶೆಟ್ಟೆವ್ವ.

ಐವತ್ತು ವರ್ಷದ ಹಿಂದೆ ಬಸ್ಸು ಗೌಡರ ತೋಟದ ಮುಂದೆ ನಿಲ್ಲುತ್ತಿತ್ತು, ಕೇರಿಯ ಮುಂದೆ ನಿಲ್ಲುತ್ತಿರಲಿಲ್ಲ. ನಡುವೆ ಒಂದೂವರೆ ಮೈಲಿ. ಬಸುರಿಯಾದರೂ ಅಷ್ಟು ನಡೆಯಬೇಕು, ಬಾಣಂತಿಯಾದರೂ ನಡೆಯಬೇಕು. ಒಂದು ಮುಂಜಾನೆ ಶೆಟ್ಟೆವ್ವ ತಲೆಯ ಮೇಲಿನ ಜೋಳದ ಕಣಿಕೆಯ ಹೊರೆಯನ್ನೂ ಇಳಿಸದೆ ಬಸ್ಸಿನ ಮೂತಿಗೆ ಅಡ್ಡ ನಿಂತುಬಿಟ್ಟಳು. ಮಾರನೆಯ ದಿನ ಮತ್ತೆ ನಿಂತಳು. ಮೂರನೆಯ ದಿನ ಹಿಂದೆ ಇಪ್ಪತ್ತು ಹೆಂಗಸರಿದ್ದರು. ಐದನೆಯ ದಿನದಿಂದ ಬಸ್ಸು ತಾನಾಗಿಯೇ ನಿಂತಿತು.

ಗೋಳಗುಮ್ಮಟದ ಬಗ್ಗೆ ಬರೆಯಲು ಬೊಂಬಾಯಿಯಿಂದ ಬಂದಿದ್ದ ಒಬ್ಬ ವರದಿಗಾರ ಆ ಮೊದಲ ದಿನ ಅದೇ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದ. ಎರಡು ತಿಂಗಳಿಗೆ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಶೆಟ್ಟೆವ್ವನ ಫೋಟೊ ಬಂತು, ಜೊತೆಗೆ ಅರ್ಧ ಪುಟ ಬರಹ. ಸುತ್ತ ನಾಲ್ಕು ಊರಿಗೆ ಇಂಗ್ಲಿಷ್ ಓದಬಲ್ಲವರೆಂದರೆ ಭೀಮು ಮಾಸ್ತರರು ಒಬ್ಬರೇ. ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಓದಿ ಹೇಳಿದರು: "ಶೆಟ್ಟೆವ್ವಗ ವಿರಾಗಿ ಅಂದಾರ. ಅಂದ್ರ ಆಸಿ ಬಿಟ್ಟಾಕಿ, ಶರಣಿ ಇದ್ದಂಗ." ಒಬ್ಬ ಕಿಡಿಗೇಡಿ ಇಣುಕಿ ನೋಡಿ, "ಮಾಸ್ತರ, ಇಲ್ಲಿ ವಿರಾಗೊ ಅಂತ ಕಾಣತೈತಲ್ರಿ?" ಎಂದ. ಮಾಸ್ತರರು ಬಿಡುತ್ತಾರೆಯೆ? "ಹುಚ್ಚಪ್ಪಾ, ಬಿಜಾಪುರಕ್ಕ ಬಿಜಾಪೋರ್ ಅಂತ ಬರಿಯೂ ಮಂದಿ ಅವರು. 'ಗಿ' ಅನ್ನಾಕ ಅವರ ನಾಲಿಗಿ ಹೊಳ್ಳೂದಿಲ್ಲ, 'ಗೊ' ಅಂತಾರ." ಅಲ್ಲಿಗೆ ಮಾತು ಮುಗಿಯಿತು. ಕಟ್ಟೆ ವಿರಾಗಿ ಕಟ್ಟೆಯಾಯಿತು. ಪತ್ರಿಕೆಯ ಹಾಳೆ ಚೌಕಟ್ಟು ಕಟ್ಟಿಸಿಕೊಂಡು ಪಂಚಾಯ್ತಿ ಕಚೇರಿಯ ಗೋಡೆ ಏರಿತು.

ಹಾಗೆ ಏರಿದ್ದನ್ನು ಐವತ್ತು ವರ್ಷದ ಮೇಲೆ ಕೆಳಗಿಳಿಸಿದವಳು ತರನ್ನುಮ.

ತರನ್ನುಮ ಸಿಂದಗಿಯ ಅಬ್ದುಲಗನಿ ಪೇಂಟರನ ಮಗಳು. ಒಂದು ಕಾಲಕ್ಕೆ ಮುದ್ದೇಬಿಹಾಳದ ಬೀಜದಂಗಡಿಯಿಂದ ಬಸವನ ಬಾಗೇವಾಡಿಯ ಬಟ್ಟೆಯಂಗಡಿಯವರೆಗೆ ಬೋರ್ಡು ಎಂದರೆ ಅಬ್ದುಲಗನಿಯ ಬೋರ್ಡೇ. ಈಗ ಆತನ ಕೈ ನಡುಗುತ್ತದೆ. ಏಣಿ, ಕುಂಚ ಎರಡೂ ಮಗಳ ಪಾಲಿಗೆ ಬಂದಿವೆ. ಫ್ಲೆಕ್ಸು ಬಂದು ಅಂಗಡಿಯ ಕೆಲಸವನ್ನೆಲ್ಲ ನುಂಗಿದರೂ ರಸ್ತೆಬದಿಯ ತಗಡಿನ ಬೋರ್ಡಿಗೆ ಇನ್ನೂ ಬಣ್ಣವೇ ಬೇಕು. ಬಿಸಿಲಿಗೆ ಫ್ಲೆಕ್ಸು ಎರಡು ವರ್ಷ ತಾಳುವುದಿಲ್ಲ. ಅಪ್ಪ ಆಕೆಗೆ ಕಲಿಸಿದ್ದು ಒಂದೇ ಸೂತ್ರ: "ಅಕ್ಷರ ಓದಬ್ಯಾಡ ಬೇಟಾ, ನೋಡು. ಓದಾವ ಮನಸಿನ್ಯಾಗ ಇದ್ದದ್ದು ಓದ್ತಾನ. ನೋಡಾವ ಗ್ವಾಡಿ ಮ್ಯಾಲ ಇದ್ದದ್ದು ಬರೀತಾನ."

ಬೇವಿನ ಗಿಡದ ಪಕ್ಕ ಹೊಸ ತಂಗುದಾಣ ಎದ್ದಿತ್ತು. ಬೋರ್ಡಿನಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಇರಬೇಕೆಂದು ಪಂಚಾಯ್ತಿಯವರು ಹೇಳಿದ್ದರು. ಮೇಲಿನ ಸಾಲಿಗೆ 'ವಿರಾಗಿ ಶೆಟ್ಟೆವ್ವ ತಂಗುದಾಣ' ಎಂದು ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿ, ಕೆಳಗಿನ ಸಾಲಿನ ಅಕ್ಷರ ನೋಡಿಕೊಳ್ಳಲು ತರನ್ನುಮ ಕಚೇರಿಗೆ ಬಂದಳು. ಚೌಕಟ್ಟು ಇಳಿಸಿ, ಧೂಳು ಒರೆಸಿ, ಅಕ್ಷರ ನೋಡಿದಳು. ಓದಲಿಲ್ಲ, ನೋಡಿದಳು.

"ಅನಿಲಣ್ಣ, ಇಲ್ಲಿ ಕಡೀ ಅಕ್ಷರ ಐ ಅಲ್ಲ, ಓ ಐತಿ. ನಾ ಯಾವುದು ಬರೀಲಿ?"

ಬಿಲ್ ಕಲೆಕ್ಟರ್ ಅನಿಲಕುಮಾರ ಮೊಬೈಲಿನಿಂದ ತಲೆ ಎತ್ತದೆ, "ಪ್ರಿಂಟಿನವರು ತಪ್ಪಿರಬೇಕು ಬಿಡು," ಎಂದ.

"ಮೂರು ಕಡೆ ಬಂದೈತಿ, ಮೂರೂ ಕಡೆ ಓ. ಒಂದಽ ತಪ್ಪು ಮೂರು ಸಲ ಮಾಡಾವ ತಪ್ಪು ಮಾಡೂದಿಲ್ಲಪಾ, ಬೇಕಂತ ಮಾಡ್ತಾನ."

ಅನಿಲಕುಮಾರನಿಗೂ ಕುತೂಹಲ ಕೆರಳಿತು. ಅಕ್ಷರ ಒಂದೊಂದಾಗಿ ಮೊಬೈಲಿಗೆ ಒತ್ತಿದ. ಅರ್ಥ ಕನ್ನಡದಲ್ಲೇ ಬಂತು. ಆತ ಅದನ್ನು ಜೋರಾಗಿಯೇ ಓದಿಬಿಟ್ಟ: "ಗಂಡುಬೀರಿ. ಜಗಳಗಂಟಿ. ಬಾಯಿಬಡಕಿ..." ಓದುತ್ತ ಓದುತ್ತ ದನಿ ಇಳಿಯಿತು. "ಯಪ್ಪಾ, ಇದೇನಿದು!"

ತರನ್ನುಮಳ ಕೈಯಲ್ಲಿ ಚೌಕಟ್ಟು ಭಾರವಾಯಿತು. ಆ ಮೊದಲ ಪದ ಆಕೆಗೆ ಹೊಸದಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಸಿಂದಗಿಯ ಬಜಾರಿನಲ್ಲಿ ಮೊದಲ ಸಲ ಏಣಿ ಹತ್ತಿದ ದಿನ ಕೆಳಗಿನಿಂದ ಯಾರೋ ಅದನ್ನೇ ಮೇಲಕ್ಕೆ ಎಸೆದಿದ್ದರು. ಈಗ ಮೂವತ್ತನಾಲ್ಕು. ಪದ ಹಳತಾಗಿತ್ತು, ಅದರ ಉರಿ ಹಳತಾಗಿರಲಿಲ್ಲ.

ಬಾಗಿಲ ಬಳಿಯ ಕುರ್ಚಿಯಲ್ಲಿ ಪಂಚಾಯ್ತಿ ಸದಸ್ಯ ಧರ್ಮರಾಜ ಚಹಾ ಕುಡಿಯುತ್ತ ಕೂತಿದ್ದ. ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಐವತ್ತು ವರ್ಷ ನಾವೆಲ್ಲ ಗಂಡುಬೀರಿ ಕಟ್ಟಿಗೆ ಕೈ ಮುಗದಂಗಾತಲ್ಲೋ ಅನಿಲ!" ಆಮೇಲೆ ಮುಖ ಗಂಭೀರ ಮಾಡಿಕೊಂಡ. "ಬೋರ್ಡ್ ಕೆಲಸ ನಿಲ್ಲಸು ತಂಗಿ. ಬೈಗುಳದ ಬೋರ್ಡಿನ ಬುಡಕ ನಮ್ಮ ಹೆಣ್ಣುಮಕ್ಕಳು ನಿಲ್ಲಬೇಕೇನು? ಬುಧವಾರ ಗ್ರಾಮಸಭಾ ಐತಿ. ಹೆಸರು ಬದಲಿ ಮಾಡೂನು. ನಮ್ಮಪ್ಪ ರಾವಸಾಬನ ಹೆಸರು ಐತಿ, ಯಾರಿಗೂ ತ್ರಾಸಿಲ್ಲ."

"ಶೆಟ್ಟೆವ್ವ ಆಯಿಗೆ ಏನಂತ ಹೇಳ್ತೀರಿ ಅಣ್ಣಾರ?"

"ಹೇಳೂದೇನೈತಿ? ಆಕಿ ವಿರಾಗಿ ಅಲ್ಲೇನು, ಹೆಸರಿನ ಆಸಿ ಇರಂಗಿಲ್ಲ," ಎಂದು ಮತ್ತೆ ನಕ್ಕ.

ಆ ರಾತ್ರಿ ತರನ್ನುಮ ಅಪ್ಪನ ಮುಂದೆ ಎಲ್ಲ ಹೇಳಿಕೊಂಡಳು. ಬಾಯಿ ಬಿಟ್ಟವಳು ತಾನು. ಐ ಬರೆದು ಸುಮ್ಮನೆ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಬ್ದುಲಗನಿ ಎಲ್ಲ ಕೇಳಿ ಒಂದೇ ಮಾತು ಹೇಳಿದ: "ಮೊಬೈಲಿನ ಅರ್ಥ ಅದು. ಬರದಾವನ ಅರ್ಥ ಏನಿತ್ತು ನೋಡಿಯೇನು?"

ಸೋಮವಾರ ಬೆಳಿಗ್ಗೆ ಆಕೆ ಇಂಡಿಗೆ ಹೋದಳು. ಹತ್ತನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಪ್ರಜ್ಞಾ ಅಲ್ಲಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ತೀರಿಹೋದ ಒಬ್ಬ ವಕೀಲರ ಮನೆಯವರು ಆ ಕಾಲೇಜಿಗೆ ಹಳೆಯ ವಾರಪತ್ರಿಕೆಗಳನ್ನು ವರ್ಷವಾರು ಹೊಲಿಸಿ ಕೊಟ್ಟಿದ್ದರು. ಇಪ್ಪತ್ತು ಸಂಪುಟ, ಯಾರೂ ಮುಟ್ಟದವು. ಪ್ರಜ್ಞಾ ಮೊದಲು, ತರನ್ನುಮ ಮೊಬೈಲಿನಲ್ಲಿ ಫೋಟೊ ತೆಗೆದು ತಂದಿದ್ದ ಚೌಕಟ್ಟಿನ ಬರಹವನ್ನು ಓದಿ ಕನ್ನಡದಲ್ಲಿ ಹೇಳಿದಳು:

"'ಭೀಮಾ ದಂಡೆಯ ಈ ವಿರಾಗೊ ಅಡ್ಡ ನಿಂತಾಗ ಬಡಪಾಯಿ ಡ್ರೈವರನಿಗೆ ಎಂಜಿನ್ನಿಗಿಂತ ಆಕೆಯ ನಾಲಗೆಯ ಸದ್ದೇ ದೊಡ್ಡದಾಗಿ ಕೇಳಿಸಿತು. ಇಂಥ ವಿರಾಗೊಗೆ ಗಂಡನಾದವನ ಪಾಡನ್ನು ದೇವರೇ ಬಲ್ಲ.' ಹಿಂಗಽ ಐತಿ ನೋಡು ಕಡೀತನ."

"ಒಂದೂವರಿ ಮೈಲಿ ಎಲ್ಲಿ ಬರದಾನ?"

ಪ್ರಜ್ಞಾ ಇನ್ನೊಮ್ಮೆ ಕಣ್ಣಾಡಿಸಿದಳು. "ಬರದಿಲ್ಲ."

"ಬಸುರಿ ಹೆಣ್ಣುಮಕ್ಕಳು?"

"ಬರದಿಲ್ಲಲೇ. ಬಸ್ಸು ಯಾಕ ನಿಲ್ಲಿಸಿದ್ಲು ಅಂತಽ ಬರದಿಲ್ಲ. ಬರೇ ಒದರಿದ್ಲು ಅಂತ ಐತಿ."

ಮೂರು ತಾಸು ಇಬ್ಬರೂ ಆ ಸಂಪುಟಗಳ ಮೇಲೆ ಬಿದ್ದರು. ಪ್ರಜ್ಞಾ ಓದುತ್ತಿದ್ದಳು, ತರನ್ನುಮ ನೋಡುತ್ತಿದ್ದಳು. ಆರು ಅಕ್ಷರದ ಆ ಪದ ಪುಟದ ಯಾವ ಮೂಲೆಯಲ್ಲಿ ಅಡಗಿದ್ದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಮೀನಿನ ಬುಟ್ಟಿ ಎತ್ತಿಕೊಂಡು ಹೋಗಲು ಬಂದ ನಗರಸಭೆಯವರನ್ನು ಓಡಿಸಿದ ಮೀನುಗಾರ್ತಿಗೆ ಆ ಪದ. ರಾತ್ರಿಪಾಳಿಯ ಡಾಕ್ಟರನನ್ನು ನಿದ್ದೆಯಿಂದ ಎಬ್ಬಿಸಿದ ದಾದಿಗೆ ಆ ಪದ. ನಗರಸಭೆಯ ಮೀಟಿಂಗಿನಲ್ಲಿ ನಲ್ಲಿ ನೀರು ಕೇಳಿ ಮೇಜು ಕುಟ್ಟಿದ ಸದಸ್ಯೆಗೆ ಆ ಪದ. ಸಿನಿಮಾದ ಅತ್ತೆಗಂತೂ ಎರಡೆರಡು ಸಲ. ಎಲ್ಲ ಕಡೆಯೂ ಬರೆದವನು ತುಟಿಯಂಚಿನಲ್ಲಿ ನಗುತ್ತಲೇ ಬರೆದಿದ್ದಾನೆ, ಓದುವವರೂ ನಕ್ಕು ಪುಟ ತಿರುವಿರಬೇಕು. ನಗು ಬಂದ ಮೇಲೆ ನೀರು ಯಾಕೆ ಬರಲಿಲ್ಲ ಎಂದು ಯಾರು ಕೇಳುತ್ತಾರೆ?

"ಗಂಡಸು ಬಸ್ಸು ನಿಲ್ಲಿಸಿದ್ರ ಏನಂತಿದ್ರು?"

ಪ್ರಜ್ಞಾ ಅದೇ ವರ್ಷದ ಇನ್ನೊಂದು ಸಂಚಿಕೆ ತೆಗೆದಳು. ಯಾವುದೋ ಊರಿನಲ್ಲಿ ಒಬ್ಬ ಯಜಮಾನ ರೈಲನ್ನೇ ನಿಲ್ಲಿಸಿದ್ದ. "'ಸಿಂಹದ ಎದೆಯವನು' ಅಂದಾರ. ಯಾಕ ನಿಲ್ಲಿಸಿದ ಅಂತ ಎರಡು ಪುಟ ಬರದಾರ."

ತರನ್ನುಮ ಆ ಸಂಪುಟ ಮುಚ್ಚಿಟ್ಟಳು. ಆಮೇಲೆ ಪ್ರಜ್ಞಾ ದಪ್ಪ ನಿಘಂಟು ತೆರೆದು, "ಇನ್ನೊಂದು ಐತಿ, ಕೇಳು," ಎಂದಳು. "ಹಿಂದಕ, ಲ್ಯಾಟಿನ್ನಿನ್ಯಾಗ, ಇದಕ್ಕ ಗಂಡೆದೆಯ ಹೆಣ್ಣು, ವೀರಳು ಅಂತ ಅರ್ಥ ಇತ್ತು. ಬರಬರತಾ ಬೈಗುಳ ಆತು."

"ಅದೂ ಬ್ಯಾಡ ಬಿಡು. ಗಂಡಿನ ಎದಿ ಯಾಕ ಬೇಕು ಆಕಿಗೆ? ತಂದಽ ಇತ್ತಲ್ಲ," ಎಂದು ತರನ್ನುಮ ಚೀಲ ಹೆಗಲಿಗೇರಿಸಿದಳು.

ಮಂಗಳವಾರ ಕೇರಿಗೆ ಹೋದಾಗ ಶೆಟ್ಟೆವ್ವ ಒಲೆಯ ಮುಂದಿದ್ದಳು. ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ತರನ್ನುಮ ಹೊಸ್ತಿಲಲ್ಲೇ ಕೂತು, ತಡವರಿಸುತ್ತ, ಒಂದಕ್ಷರ ಬಿಡದೆ ಎಲ್ಲ ಹೇಳಿದಳು. ಕೊನೆಗೆ, "ತಪ್ಪಾತು ಆಯಿ, ನನ್ನ ಬಾಯಿಂದಽ ಹೊರಗ ಬಿತ್ತು," ಎಂದಳು.

ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಮರತೊಡಗಿತು.

"ಅಂದ್ರ ನಾ ವಿರಾಗಿ ಅಲ್ಲ?"

"ಅಲ್ಲ ಆಯಿ."

"ಗಂಡುಬೀರಿ ಅಂತ ಬರದಾರ?"

"ಹಾಂಗಽ ಬರದಾರ."

ಶೆಟ್ಟೆವ್ವ ತಲೆ ಬಗ್ಗಿಸಿದಳು. ಭುಜ ಅಲುಗತೊಡಗಿದವು. ಮುದುಕಿ ಅಳುತ್ತಿದ್ದಾಳೆಂದು ತರನ್ನುಮ ಗಾಬರಿಯಿಂದ ಹತ್ತಿರ ಹೋದರೆ, ಆಕೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಭೀಮು ಮಾಸ್ತರ, ನಿನ್ನ ಬಾಯಾಗ ಮಣ್ಣು ಬೀಳಲಿ! ಐವತ್ತು ವರ್ಷ, ಏ ಹುಡಗಿ, ಐವತ್ತು ವರ್ಷ!" ನಗು ನಿಂತ ಮೇಲೆ ದನಿ ಬೇರೆಯಾಯಿತು. "ಗಂಡ ಸತ್ತ ಮ್ಯಾಲ ನಮ್ಮ ಮೈದುನ ಬದುವಿನ ಕಲ್ಲು ಎರಡು ಮೊಳ ಈಚಿ ಸರಿಸಿದ. ಬಾಯಿ ತೆರದೆ. 'ವಿರಾಗಿಗೆ ಮಣ್ಣಿನ ಆಸಿ ಯಾಕವಾ?' ಅಂದ್ರು. ಮುಚ್ಚಿಕೊಂಡೆ. ಕೆಂಪು ದಡಿ ಸೀರಿ ತಂದೆ, 'ವಿರಾಗಿಗೆ ಕೆಂಪು ಒಪ್ಪತೈತೇನು?' ಅಂದ್ರು. ಮಡಚಿ ಇಟ್ಟೆ. ಮದಿವ್ಯಾಗ ಎರಡನೇ ಹೋಳಗಿ ಕೇಳಿದ್ರ ಬಡಸಾಕಿ ನನ್ನ ಮಾರಿ ನೋಡಿ ಮುಂದ ಹೋಗ್ತಿದ್ಲು. ಹೋಳಗಿ ಬೇ! ಬೈಯಾಕ ಬಂದ ಬಾಯಿಗೆ ಮಂದಿ ಕೈ ಮುಗದು ಮುಗದು ಬೀಗ ಹಾಕಿದ್ರು. ಈಗ ಬಸ್ಸು ಗಿಡ ದಾಟಿ ಅಷ್ಟು ದೂರ ಹೋಗಿ ನಿಲ್ಲತೈತಿ, ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ಓಡತಾವ. ನಾ ಕಟ್ಟಿ ಮ್ಯಾಲ ಕುಂತು ನೋಡತೇನಿ. ಯಾಕ? ವಿರಾಗಿ ಅಲ್ಲೇನು!"

"ಆಯಿ, ಧರ್ಮರಾಜಣ್ಣ ನಾಳೆ ಸಭಾದಾಗ ಹೆಸರು ತಗಸತಾನಂತ."

"ಗೊತ್ತಾತು." ಶೆಟ್ಟೆವ್ವ ಕಮರಿದ ರೊಟ್ಟಿಯನ್ನು ಮುರಿದು ಅರ್ಧ ತರನ್ನುಮಳ ಕೈಗಿಟ್ಟಳು, ಮೇಲೊಂದು ಚಮಚ ಶೇಂಗಾ ಚಟ್ನಿ. "ತಿನ್ನು. ನೀ ತಪ್ಪು ಮಾಡಿಲ್ಲ, ಬೀಗದ ಕೈ ತಂದಿ."

ಬುಧವಾರ ಶಾಲೆಯ ಅಂಗಳದಲ್ಲಿ ಸಭೆ. ಶೆಟ್ಟೆವ್ವ ಬಂದಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮೈಮೇಲೆ ಮಡಿಕೆಯ ಗೆರೆ ಇನ್ನೂ ಬಿಡದ ಕೆಂಪು ದಡಿಯ ಸೀರೆ.

ಧರ್ಮರಾಜ ಎದ್ದು ನಯವಾಗಿ ಮಾತಾಡಿದ. ಆಯಿಯ ಮರ್ಯಾದೆಯ ಸಲುವಾಗಿಯೇ ಹೆಸರು ಬದಲಿಸುವ ಈ ಠರಾವು ಎಂದ. ಪದದ ಅರ್ಥವನ್ನು ಬಾಯಲ್ಲಿ ಹೇಳಲು ತನಗೆ ನಾಚಿಕೆ ಎಂದು ಹೇಳಿ, ಎರಡು ಸಲ ಹೇಳಿದ. ಹಿಂದಿನ ಸಾಲಿನಲ್ಲಿ ಗಂಡಸರು ಕಿಸಕ್ಕೆಂದರು.

ತರನ್ನುಮಗೆ ಏಣಿ ಹತ್ತಿ ರೂಢಿಯಿತ್ತು, ಸಭೆಯಲ್ಲಿ ಮಾತಾಡಿ ರೂಢಿಯಿರಲಿಲ್ಲ. ಆದರೂ ಎದ್ದಳು. "ನಾ ಈ ಊರಾಕಿ ಅಲ್ರಿ, ಬೋರ್ಡ್ ಬರಿಯಾಕಿ. ಇಂಡಿಗೆ ಹೋಗಿ ಆ ಕಾಲದ ಪತ್ರಿಕೆ ನೋಡಿ ಬಂದೇನಿ. ನೀರು ಕೇಳಿದಾಕಿಗೆ ಈ ಪದ, ಬುಟ್ಟಿ ಉಳಿಸಿಕೊಂಡಾಕಿಗೆ ಈ ಪದ, ಡಾಕ್ಟರನ್ನ ಎಬ್ಬಿಸಿದಾಕಿಗೆ ಈ ಪದ. ಸುಮ್ಮ ಕುಂತಾಕಿಗೆ ಒಂದು ಕಡೆನೂ ಹಚ್ಚಿಲ್ರಿ." ಅಷ್ಟು ಹೇಳಿ ದೊಪ್ಪನೆ ಕೂತುಬಿಟ್ಟಳು.

ಶೆಟ್ಟೆವ್ವ ಎದ್ದಳು. ಮೈಕು ಕೊಡಲು ಬಂದ ಅನಿಲಕುಮಾರನಿಗೆ, "ತಗಿ ಆಚಿ, ನನ್ನ ಬಾಯಿಗೆ ಇನ್ನೊಂದು ಬಾಯಿ ಬೇಕೇನು?" ಎಂದಳು. ಇಡೀ ಅಂಗಳ ಘೊಳ್ಳೆಂದಿತು.

"ಧರ್ಮ್ಯಾ, ನಿನ್ನ ಎತ್ತಿ ಆಡಿಸಿದಾಕಿ ನಾನು. ನಿಮ್ಮಪ್ಪ ರಾವಸಾಬ ಒಳ್ಳೆಂವ, ಇಲ್ಲ ಅನ್ನೂದಿಲ್ಲ. ಆದ್ರ ನಾ ಬಸ್ಸಿಗೆ ಅಡ್ಡ ನಿಂತ ದಿನ ಆಂವ ಎಲ್ಲಿದ್ದ ಗೊತ್ತೈತೇನು? ಅದಽ ಬಸ್ಸಿನ್ಯಾಗ. ಕಿಟಕಿ ಸೀಟಿನ್ಯಾಗ. 'ಸರಿ ಬೇ, ಹೊತ್ತಾಗತೈತಿ' ಅಂತ ಮಾರಿ ಹೊರಗ ಹಾಕಿ ಅಂದ. ಕುಂತಾಂವನ ಹೆಸರು ಇಡತಿಯೋ, ನಿಂತಾಕಿ ಹೆಸರು ಇಡತಿಯೋ?"

"ಆಯಿ, ಹಾಂಗಲ್ಲ. ಬೈಗುಳ ಅದು. ಮಂದಿ ನಗತಾರ."

"ನಗಲಿ. ನಗಾವರು ಬಸ್ಸಿನ್ಯಾಗ ಕುಂತು ನಗಲಿ, ಆ ಬಸ್ಸು ಇಲ್ಲಿ ನಿಲ್ಲಲಿ. ವಿರಾಗಿ ಅಂದ್ರಿ, ಮಾಸ್ತರನ ತಪ್ಪಿಗೆ ಐವತ್ತು ವರ್ಷ ಬಾಯಿ ಮುಚ್ಚಿಕೊಂಡು ಕುಂತೆ. ಈಗ ಖರೇ ಹೆಸರು ಸಿಕ್ಕೈತಿ, ಅದನ್ನಽ ಬರೀರಿ. ನಾ ಬೈದೇನಿ, ಹೌದು. ಜಗಳ ತಗದೇನಿ, ಹೌದು. ಬಡಪಾಯಿ ಡ್ರೈವರ ಹೆದರ್ಯಾನ, ಹೌದು! ಬಾಯಿದ್ದಾಕಿ ಅಂತ ಬರದ್ರ ನನಗೇನು ಕುಂದು? ಬಾಯಿಲ್ಲದಾಕಿ ಆಗಿದ್ರ ಈ ಧರ್ಮ್ಯಾನ ಅವ್ವ ಒಂದೂವರಿ ಮೈಲಿ ನಡದು ದಾರಿಯಾಗಽ ಹಡೀತಿದ್ಲು."

ಹೆಂಗಸರ ಸಾಲಿನಿಂದ ಧರ್ಮರಾಜನ ಅವ್ವ ತಿಪ್ಪವ್ವ, ಕಿವಿ ಸ್ವಲ್ಪ ಮಂದವಾದವಳು, "ಹೌದು ಖರೇನಽ ಐತಿ, ಇಂವನ್ನ ಹಡಿಯೂ ದಿನ ಬಸ್ಸಿನ್ಯಾಗಽ ಹೋಗೇನಿ ದವಾಖಾನಿಗೆ," ಎಂದು ತನ್ನಷ್ಟಕ್ಕೆ ಎಂಬಂತೆ, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿ, ಶೆಟ್ಟೆವ್ವನ ಹೆಸರಿಗೇ ಎಂದು ಕೈ ಎತ್ತಿದಳು. ಆಕೆಯ ಕೈ ಕಂಡು ಪಕ್ಕದವಳು ಎತ್ತಿದಳು. ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಠರಾವು ಬರೆಯುತ್ತಿದ್ದ ಅನಿಲಕುಮಾರ ಪೆನ್ನು ಕಚ್ಚಿಕೊಂಡು, "ಹೆಸರಿನ ಮುಂದ ಅರ್ಥ ಬರೀಬೇಕಲ್ಲ ಆಯಿ, ಏನಂತ ಬರೀಲಿ?" ಎಂದ.

"ಬಸ್ಸು ನಿಲ್ಲಿಸಿದಾಕಿ ಅಂತ ಬರಿ."

"ನಿಘಂಟಿನ್ಯಾಗ ಹಾಂಗಿಲ್ಲ ಆಯಿ."

"ಈಗ ಬರದಿಯಲ್ಲ, ಇನ್ನ ಮ್ಯಾಲ ಐತಿ."

ಮರುದಿನ ಬೆಳಿಗ್ಗೆ ತರನ್ನುಮ ಏಣಿ ಹತ್ತಿದಳು. ಸುಣ್ಣದ ಗೆರೆಯಲ್ಲಿ 'ವಿರಾಗಿ' ಇನ್ನೂ ಹಾಗೇ ಇತ್ತು. ಕೊನೆಯ ಅಕ್ಷರದ ಮೇಲಿನ ಗುಡಿಸನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಒತ್ವ ಎಳೆದಳು. ಗಿ ಎಂಬುದು ತಲೆಯ ಮೇಲೆ ಸೆರಗು ಸುತ್ತಿಕೊಂಡ ಹಾಗಿತ್ತು. ಗೊ ತೋಳು ಹೊರಗೆ ಚಾಚಿತು. ಆ ತೋಳಿಗೆ ಆಕೆ ಬೇಕೆಂದೇ ಒಂದು ಬೆರಳು ಹೆಚ್ಚು ಜಾಗ ಕೊಟ್ಟಳು. ಅಳತೆ ತಪ್ಪಿತು, ಅಪ್ಪ ನೋಡಿದರೆ ಬೈಯುತ್ತಾನೆ. ಬೈಯಲಿ. ಕೆಳಗಿನ ಸಾಲಿನ ಇಂಗ್ಲಿಷಿನಲ್ಲಿ ಓ ದುಂಡಗೆ, ಬಾಯಿ ತೆರೆದ ಹಾಗೆ ಬಂತು.

ಕೆಳಗೆ ಕಟ್ಟೆಯ ಮೇಲೆ ಶೆಟ್ಟೆವ್ವ, ಕೆಂಪು ದಡಿಯ ಅದೇ ಸೀರೆಯಲ್ಲಿ. ಪಕ್ಕದಲ್ಲಿ ಕೂಸು ಎತ್ತಿಕೊಂಡ ಇಬ್ಬರು ಹೆಂಗಸರು. ಆಲಮೇಲದ ಕಡೆಯಿಂದ ಬಸ್ಸು ಬಂತು. ಹೆಂಗಸರನ್ನು ನೋಡಿತೋ ಇಲ್ಲವೋ, ಗಿಡ ದಾಟಿತು, ತಂಗುದಾಣ ದಾಟಿತು, ನೂರು ಹೆಜ್ಜೆ ಮುಂದೆ ಹೋಗಿ ನಿಂತಿತು. ಹೆಂಗಸರು ಸೆರಗು ಸಿಕ್ಕಿಸಿ ಓಡಲು ಅಣಿಯಾದರು.

"ನಿಲ್ಲರ್‍ಯೇ! ಓಡಬ್ಯಾಡ್ರಿ," ಎಂದಳು ಶೆಟ್ಟೆವ್ವ.

ಎದ್ದು ರಸ್ತೆಯ ನಡುವೆ ಬಂದು ಸೊಂಟದ ಮೇಲೆ ಕೈಯಿಟ್ಟಳು. ತರನ್ನುಮ ಏಣಿಯ ಮೇಲಿಂದ ನೋಡುತ್ತಿದ್ದಂತೆ ಆ ಎಪ್ಪತ್ತಾರರ ಗಂಟಲಿನಿಂದ ಐವತ್ತು ವರ್ಷದ ಬಾಕಿ ಒಮ್ಮೆಲೇ ಹೊರಬಿತ್ತು:

"ಏ ಡ್ರೈವರಾ! ಗಿಡ ಇಲ್ಲೈತಿ, ಮಂದಿ ಇಲ್ಲೈತಿ, ನಿನ್ನ ಕಣ್ಣು ಎಲ್ಲಿ ಸಂತಿಗೆ ಹೋಗ್ಯಾವ? ಹಿಂದ ತಗೋ ನಿನ್ನ ಗಾಡಿ! ತಗೋತಿಯೋ, ನಾ ಬರಲ್ಯೋ?"

ಕಬ್ಬಿನಿಂದ ಬೆಳ್ಳಕ್ಕಿಗಳು ಎದ್ದವು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ. ಆಕೆಯನ್ನೂ ನೋಡಿದ, ತಂಗುದಾಣದ ಮೇಲಿನ ಹಸಿ ಬೋರ್ಡನ್ನೂ ನೋಡಿದ.

"ವಿರಾಗೊ? ಯಾರವ್ವಾ ಇದು?" ಎಂದು ದೂರದಿಂದಲೇ ಕೂಗಿದ.

"ನಾನಽ! ಯಾಕ?"

ತಲೆ ಒಳಗೆ ಹೋಯಿತು. ಒಂದು ಸೀಟಿ ಕೇಳಿಸಿತು, ಆಮೇಲೆ ಇನ್ನೊಂದು. ಬಸ್ಸು ಗೊರಗೊರ ಎನ್ನುತ್ತ ಹಿಂದಕ್ಕೆ, ಬೇವಿನ ಗಿಡದ ಕಡೆಗೆ ಬರತೊಡಗಿತು.